ಕಣ್ಣಿ ಸಮೇತ

ಲಕ್ವಾ ಹೊಡೆದ ಮೇಲೆ ನನ್ನ ಹೆಂಡತಿಯ ಬಾಯಲ್ಲಿ ಉಳಿದದ್ದು ಒಂದೇ ಶಬ್ದ, ಹೂಂ. ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿತ್ತು, ಮುಖ ಸ್ವಲ್ಪ ವಾರೆಯಾಗಿತ್ತು. ಕಾಲು, ಮುಖ ನಿಧಾನವಾಗಿ ದಾರಿಗೆ ಬಂದವು. ಕೈ ಬರಲಿಲ್ಲ, ಮಾತು ಬರಲಿಲ್ಲ. ಚಹಾ ಬೇಕೇ ಎಂದು ಕೇಳಿದರೆ ಹೂಂ ಅನ್ನುತ್ತಾಳೆ. ಬೇಡವೇ ಎಂದು ಕೇಳಿದರೂ ಹೂಂ ಅನ್ನುತ್ತಾಳೆ. ಫ್ಯಾನು ಹಾಕಲೇ, ಹೂಂ. ತೆಗೆಯಲೇ, ಹೂಂ. ಒಮ್ಮೆ ಸೊಸೆ ತಮಾಷೆಗೆ, "ಅತ್ತಿ, ನಾ ಛಲೋ ಸೊಸಿ ಅದೀನಿಲ್ರಿ?" ಅಂದಳು. ಹೂಂ. "ಕೆಟ್ಟಾಕಿ ಅದೀನಿ?" ಹೂಂ. ಸೊಸೆ ನಕ್ಕಳು. ಆಮೇಲೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬೀದರಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅವ್ರಿಗಿ ತಿಳಿಯೋದೆಲ್ಲಾ ತಿಳೀತದರಿ. ಹೊರಗ ಬರೋ ದಾರಿ ಅಷ್ಟಽ ಮುಚ್ಚ್ಯಾದ. ಮನಿಯಾಗ ಕೂಡಿಸಿ ಇಡಬ್ಯಾಡ್ರಿ. ಮಂದಿ ನಡುವ ಕರಕೊಂಡು ಹೋಗ್ರಿ. ಏನ್ ಬೇಕು ಅಂತ ಕೇಳ್ರಿ. ಅವ್ರ ಬದ್ಲಿ ನೀವಽ ಹೇಳಬ್ಯಾಡ್ರಿ."

ಈ ಕೊನೆಯ ಮಾತು ಪಾಲಿಸುವುದು ನನ್ನಂಥವನಿಗೆ ಕಷ್ಟ. ನಾನು ಮಾತಿನಿಂದಲೇ ಮೇಲೆ ಬಂದವನು. ಮೊದಲು ದನದ ದಲ್ಲಾಳಿ, ಆಮೇಲೆ ಬೀದರಿನಲ್ಲಿ ಹಗ್ಗ, ಗಂಟೆ, ಮೂಗುದಾರದ ಅಂಗಡಿ. ಈಗ ಅಂಗಡಿ ಮಗನ ಕೈಯಲ್ಲಿದೆ. ನಾನು ಗಲ್ಲಾದ ಹತ್ತಿರ ಹೋದರೆ ಅವನು, "ಅಪ್ಪಾ, ನೀ ಗಿರಾಕಿಗೂಡ ಚೌಕಾಸಿ ಮಾಡಿದ್ರ ಗಿರಾಕಿ ತಿರುಗಿ ಬರಂಗಿಲ್ಲ. ಹೋಗು, ಅವ್ವಗ ತಿರುಗಾಡ್ಸಿ ತಾ" ಅನ್ನುತ್ತಾನೆ. ಹಾಗಾಗಿ ತಿರುಗಾಡಿಸುವುದೇ ನನ್ನ ನೌಕರಿಯಾಯಿತು. ಹಳೆಯ ಕಾರೊಂದು ಇದೆ. ಅದನ್ನು ಮಾರಿದವನು ನನ್ನ ಕಾಟ ತಾಳಲಾರದೆ ಕೊನೆಗೆ ಸ್ಟೆಪ್ನಿಯನ್ನೂ ಪುಕ್ಕಟೆ ಹಾಕಿಕೊಟ್ಟಿದ್ದ.

ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ಒಂದೆರಡು ಮಾತು ಕೇಳಿ. ಹೋಟೆಲಿಗೆ ಹೋಗುವುದಾದರೆ ಮೆಟ್ಟಿಲು ಇಲ್ಲದ ಹೋಟೆಲು ಹುಡುಕಿ. ತಿಂಡಿ ಎಷ್ಟೇ ರುಚಿ ಇರಲಿ, ಮೆಟ್ಟಿಲು ಏರುವಾಗಲೇ ಅವರ ಹಸಿವು ಸತ್ತುಹೋಗುತ್ತದೆ. ಸರಿಯಿಲ್ಲದ ಕೈ ಗೋಡೆಯ ಕಡೆಗೆ ಬರುವಂತೆ ಕೂರಿಸಿ. ಮಂದಿ ನೋಡುವುದು ತಪ್ಪುತ್ತದೆ. ಮೊದಲ ಒಬ್ಬೆಯ ಇಡ್ಲಿ ಇಳಿಯುವ ಹೊತ್ತಿಗೆ ಹೋಗಿ, ಆಗ ಮಾಣಿಗೆ ಸಿಟ್ಟು ಬಂದಿರುವುದಿಲ್ಲ. ಭಜಿ ತಿನ್ನುವುದಾದರೆ ಎಣ್ಣೆಯ ಬಣ್ಣ ನೋಡಿ. ಮತ್ತೆ ದೊಡ್ಡದೊಂದು ಶಲ್ಯ ತೆಗೆದುಕೊಂಡು ಹೋಗಿ, ತೊಡೆಯ ಮೇಲೆ ಹಾಸಲು. ಎಡಗೈಯಿಂದ ತಿನ್ನುವವರ ಪಲ್ಯ ಅರ್ಧ ಮಡಿಲಿಗೇ ಬೀಳುತ್ತದೆ. ಆ ಶಲ್ಯದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಳಗ್ಗೆ ಬಿಸಿಲು ಏರುವ ಮೊದಲು ಕೋಟೆಗೆ ಹೋಗುತ್ತಿದ್ದೆವು. ಒಂದರ ಹಿಂದೆ ಒಂದು ಬಾಗಿಲು ದಾಟಿ ಕಾರು ಒಳಗೆ ಹೋಗುತ್ತಿದ್ದಂತೆ ಆಕೆ ಕಿಟಕಿಗೆ ಹಣೆ ಹಚ್ಚಿ ಕೂತುಬಿಡುತ್ತಿದ್ದಳು. ಕೆಂಪು ಕಲ್ಲಿನ ಗೋಡೆ, ಅಲ್ಲಲ್ಲಿ ಉಳಿದ ನೀಲಿ ಬಿಲ್ಲೆ, ಗೋಡೆಯ ಸಂದಿಯಿಂದ ಹಾರುವ ಗಿಳಿಗಳು. ಈ ಕೋಟೆಯನ್ನು ನಾವಿಬ್ಬರೂ ಎಷ್ಟೋ ಸಲ ನೋಡಿದ್ದೇವೆ. ಆದರೆ ಅವಳು ನೋಡುವುದನ್ನು ನಾನು ನೋಡಿದ್ದು ಆಗಲೇ. ಗಿಳಿಯ ಹಿಂಡು ಎದ್ದಾಗ ಆಕೆಯ ಕಣ್ಣು ಪೂರ್ತಿ ಅರಳಿ ಆ ಹಿಂಡಿನ ಹಿಂದೆಯೇ ಹೋಗಿ, ಅವು ಕೂತ ಬುರುಜಿನ ಮೇಲೆ ತಾನೂ ಕೂತು ಮರಳುತ್ತಿತ್ತು. ಇಷ್ಟೆಲ್ಲ ಒಳಗೆ ನಡೆಯುತ್ತಿದೆ, ಹೊರಗೆ ಬರುವುದು ಒಂದು ಹೂಂ. ನಾನು ಸ್ಟೇರಿಂಗು ಹಿಡಿದು ಸುಮ್ಮನೆ ಕೂತಿರುತ್ತಿದ್ದೆ. ಸುಮ್ಮನಿರುವುದು ನನಗೆ ಹೊಸ ಕೆಲಸ.

ಆಗಲೇ ಹೈದರಾಬಾದಿನಲ್ಲಿರುವ ಮಗಳು ಮಾತು ತೆಗೆದಳು. ಅವಳ ಮನೆಯ ಹತ್ತಿರವೇ ಮಾತು ಕಲಿಸುವವರು ಇದ್ದಾರಂತೆ, ದಿನವೂ ಕಲಿಸುತ್ತಾರಂತೆ. ಆರು ತಿಂಗಳು ತಾಯಿ ತನ್ನ ಕಡೆ ಇರಲಿ ಎಂದಳು. ಅವಳದು ಸಣ್ಣ ಮನೆ, ಅಳಿಯನ ತಾಯಿಯೂ ಅಲ್ಲೇ ಇದ್ದಾರೆ. ನನ್ನನ್ನು ಕರೆಯಲು ಅವಳಿಗೆ ಸಂಕೋಚ, ಕರೆಯದೆ ಹೋಗಲು ನನಗೆ. ಫೋನಿನಲ್ಲಿ ಮುಖ ತೋರಿಸಿ ತಾಯಿಯನ್ನೇ ಕೇಳಿದಳು: "ಅವ್ವಾ, ನನ್ನ ಕಡಿ ಬರ್ತಿ?"

"ಹೂಂ."

"ನೋಡಪ್ಪಾ, ಹೂಂ ಅಂದ್ಲು."

ನಾನು ಫೋನು ಕಸಿದುಕೊಂಡು ಕೇಳಿದೆ: "ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ, ಹೌದಿಲ್ಲೋ?"

"ಹೂಂ."

"ಅಪ್ಪಾ, ಇದು ಮೋಸ."

"ನಿಂದು ಹೂಂ ಖರೆ, ನಂದು ಹೂಂ ಮೋಸೇನು?"

ಹೀಗೆ ಇಬ್ಬರ ಕೈಯಲ್ಲೂ ಒಂದೊಂದು ಹೂಂ ಇತ್ತು. ಎರಡೂ ಖರೆಯಾಗಲು ಸಾಧ್ಯವಿಲ್ಲ. ಯಾವುದು ಖರೆ ಎಂದು ಆಕೆಗೊಬ್ಬಳಿಗೇ ಗೊತ್ತು, ಅದನ್ನು ಹೇಳಲು ಆಕೆಗೆ ಬಾಯಿಲ್ಲ. ಮಗಳು ರಜೆ ಸಿಕ್ಕ ಕೂಡಲೇ ಬಂದು ಕರೆದೊಯ್ಯುವುದಾಗಿ ಹೇಳಿ ಫೋನು ಇಟ್ಟಳು. ಈ ವಯಸ್ಸಿನಲ್ಲಿ ಆರು ತಿಂಗಳು ಅಂದರೆ ಏನು ಎಂದು ಮಕ್ಕಳಿಗೆ ತಿಳಿಯುವುದಿಲ್ಲ. ಹೋದವಳು ಅಲ್ಲಿಯವಳೇ ಆಗಿಬಿಟ್ಟರೆ ಎಂದು ನನಗೆ ಹೆದರಿಕೆ. ಹಾಗೆಂದು ಇಲ್ಲೇ ಇಟ್ಟುಕೊಂಡು, ಬರಬೇಕಾಗಿದ್ದ ಮಾತು ನನ್ನಿಂದಲೇ ಬಾರದೆ ಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಆಕೆಗೆ ಏನು ಬೇಕು ಎಂದು ತಿಳಿಯದೆ ಯಾವ ಕಡೆ ತೂಗಿದರೂ ಅದು ಕಣ್ಣು ಮುಚ್ಚಿ ಮಾಡಿದ ವ್ಯಾಪಾರ.

ಇಲ್ಲಿ ನನ್ನ ಹಳೆಯ ಧಂದೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೈ ಮೇಲೆ ಶಲ್ಯ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಹೇಳುತ್ತಿದ್ದೆವು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಹಸ್ತವನ್ನೇ ಹಿಡಿದರೆ ಐದು. ಐದರ ಮೇಲಾದರೆ ಹಸ್ತ ಹಿಡಿದು ಬಿಟ್ಟು ಮತ್ತೆ ಬೆರಳು. ಬೆರಳನ್ನು ಮಡಚಿದರೆ ಅರ್ಧ. ಮೇಲೆ ಬಾಯಿ ಮಳೆಯ ಮಾತು, ಬೀಗರ ಮಾತು ಆಡುತ್ತಿರುತ್ತದೆ. ಕೆಳಗೆ ಬೆರಳು ವ್ಯಾಪಾರ ಮಾಡುತ್ತಿರುತ್ತದೆ. ಬಾಯಲ್ಲಿ ಹೂಂ ಹೂಂ ಎನ್ನುತ್ತಲೇ ಬೆರಳು ದೂರ ತಳ್ಳಿ ಇಲ್ಲ ಎನ್ನಬಹುದು. ಸುತ್ತ ನಿಂತ ಮಂದಿಗೆ ಹೂಂ ಅಷ್ಟೇ ಕೇಳುತ್ತದೆ. ವ್ಯಾಪಾರ ಕುದುರಿದರೆ ಶಲ್ಯ ಸರಿಸಿ ಎಲ್ಲರ ಎದುರಿಗೆ ಹಸ್ತಕ್ಕೆ ಹಸ್ತ ಹೊಡೆಯುವುದು. ಆಮೇಲೆ ಒಳಗೆ ಕೈ ಇಡುವ ಪದ್ಧತಿ ಇಲ್ಲ.

ಇನ್ನೊಂದು ಗುರುತು ಇದೆ, ಅಪರೂಪದ್ದು. ದನ ಮಾರಿದರೂ ಅದರ ಕೊರಳ ಹಗ್ಗ, ಅಂದರೆ ಕಣ್ಣಿ, ಮಾರಿದವನಿಗೇ ಉಳಿಯುತ್ತದೆ. ಕೊಂಡವನು ತನ್ನ ಹಗ್ಗ ತರಬೇಕು. ಕಣ್ಣಿ ಕೊಟ್ಟರೆ ಮನೆಯ ಕೊಟ್ಟಿಗೆ ಬರಿದಾಗುತ್ತದೆ ಎಂಬ ನಂಬಿಕೆ. ಅದನ್ನೂ ಬಿಟ್ಟುಕೊಡುವವನು, ಅಥವಾ ಕೊಡು ಎಂದು ಕೇಳುವವನು, ಬೆರಳು ಬಿಟ್ಟು ಮಣಿಕಟ್ಟು ಹಿಡಿಯುತ್ತಾನೆ. ಕಣ್ಣಿ ಸಮೇತ ಎಂದು ಅದರ ಅರ್ಥ. ಹಾಗೆ ನನ್ನ ಮಣಿಕಟ್ಟು ಹಿಡಿದು ಕೊಟ್ಟವರು ಬಹಳ ಕಡಿಮೆ.

ನನ್ನ ಧಂದೆಯಲ್ಲಿ ನನ್ನನ್ನು ಸೋಲಿಸಿದವನು ಒಬ್ಬನೇ, ಎಕಂಬಾದ ಒಬ್ಬ ಮುದುಕ. ನಾನಾಗ ಮದುವೆಯಾಗದ ಹುಡುಗ, ಮೀಸೆ ತಿರುವುತ್ತ ಅವನ ಮನೆಗೆ ದೇವಣಿ ತಳಿಯ ಎತ್ತಿನ ಜೋಡಿ ಕೇಳಲು ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಶಲ್ಯ ಹೊದಿಸಿ ಬೆರಳು ಹಿಡಿದೆ. ಮುದುಕ, "ತಡೀರಿ, ನೀರ್ ಕುಡ್ದು ಬರ್ತೇನಿ" ಎಂದು ಒಳಗೆ ಹೋದ. ಬಂದು ನನ್ನ ಬೆಲೆ ತಳ್ಳಿದ. ನಾನು ಏರಿಸಿದೆ. ಮತ್ತೆ ನೀರು ಕುಡಿಯಲು ಹೋದ. ನಾನು ಪ್ರತಿ ಸಲ ಏರಿಸಿದಾಗಲೂ ಅವನಿಗೆ ನೀರಡಿಕೆ. ಬಿಸಿಲಿಗೆ ಮುದುಕನ ಗಂಟಲು ಒಣಗುತ್ತಿದೆ ಎಂದು ತಿಳಿದೆ. ಕೊನೆಗೆ ಅವನು ಹೇಳಿದ ಬೆಲೆಗೇ ಬಂದೆ. ಇಷ್ಟು ಕೊಟ್ಟ ಮೇಲೆ ಕಣ್ಣಿಯಾದರೂ ಬರಲಿ ಎಂದು ಅವನ ಮಣಿಕಟ್ಟು ಹಿಡಿದೆ. ಅದಕ್ಕೂ ಒಂದು ಸಲ ಹೋಗಿ ನೀರು ಕುಡಿದು ಬಂದು, ಕೈ ಕೊಡವಿ ಇಲ್ಲ ಅಂದ. ಪುಕ್ಕಟೆ ಸಿಗುತ್ತದೆ ಎಂಬ ಭರವಸೆಯಿಂದ ನಾನು ಹಗ್ಗವನ್ನೇ ಒಯ್ದಿರಲಿಲ್ಲ. ಪಕ್ಕದ ಮನೆಯವರ ಬಾವಿಯ ಹಗ್ಗ ಬೇಡಿ ತಂದು ಎತ್ತು ಕಟ್ಟಿಕೊಂಡು ಹೊರಟಾಗ ಎಕಂಬಾದ ಮಂದಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಆ ಮನೆಗೆ ಮತ್ತೆ ಹೋದದ್ದು ಎತ್ತಿಗಾಗಿ ಅಲ್ಲ. ಮರುವರ್ಷ ಆ ಮುದುಕ ನನ್ನ ಮಾವನಾದ. ಅವನ ಹಾಗೆ ಬೆರಳು ಆಡುವವನು ನಮ್ಮ ತಾಲೂಕಿನಲ್ಲೇ ಇಲ್ಲ ಎಂದು ಜೀವಮಾನವಿಡೀ ಹೇಳುತ್ತ ಬಂದೆ. ಹೆಂಡತಿ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿರುತ್ತಿದ್ದಳು.

ಈಗ ಶಲ್ಯದ ವಿಷಯ. ಒಂದು ದಿನ ಭಾಲ್ಕಿಗೆ ಹೋಗಿದ್ದೆವು. ಅಲ್ಲಿ ಬಸ್‌ಸ್ಟ್ಯಾಂಡಿನ ಬದಿಗೆ ಪೂರಿ ಭಾಜಿ ಚೆನ್ನಾಗಿ ಮಾಡುವ ಒಂದು ಹೋಟೆಲಿದೆ. ಆಲೂ ಭಾಜಿಗೆ ಹಸಿಮೆಣಸು ಜಜ್ಜಿ ಹಾಕುತ್ತಾರೆ, ಮೂಗಿನಲ್ಲಿ ನೀರು ಬಂದರೂ ಕೈ ನಿಲ್ಲುವುದಿಲ್ಲ. ಆಕೆಯನ್ನು ಗೋಡೆಗೆ ಕೂರಿಸಿ ಮಡಿಲಿಗೆ ಶಲ್ಯ ಹಾಸಿ, ಅದು ಜಾರದಂತೆ ನನ್ನ ಕೈಯನ್ನು ಕೆಳಗೆ ಒತ್ತಿ ಹಿಡಿದೆ. ಮಾಣಿ ಬಂದ.

"ನಿನಗ ಎರಡು ಪ್ಲೇಟ್ ಪೂರಿ?" ಎಂದು ಆಕೆಯನ್ನು ಕೇಳಿದೆ. ಆಕೆಗೆ ಮೊದಲಿಂದ ಎರಡು ಪ್ಲೇಟ್ ಬೇಕು.

"ಹೂಂ."

ಅದೇ ಹೊತ್ತಿಗೆ ಶಲ್ಯದ ಕೆಳಗೆ ಆಕೆಯ ಎಡಗೈ ಬಂದು ನನ್ನ ತೋರುಬೆರಳನ್ನು ಹಿಡಿಯಿತು. ಒಂದನ್ನೇ. ಗಟ್ಟಿಯಾಗಿ ಹಿಡಿದು ಬಿಟ್ಟಿತು. ಹೆದರಿ ಹಿಡಿದಿದ್ದಾಳೆ ಎಂದುಕೊಂಡೆ. ಎರಡು ಪ್ಲೇಟ್ ಬಂತು. ಒಂದನ್ನು ತಿಂದಳು, ಇನ್ನೊಂದನ್ನು ಮುಟ್ಟಲಿಲ್ಲ. ಚಹಾ ಹೇಳುವಾಗ ಮತ್ತೆ ಕೇಳಿದೆ: "ಪೂರಾ ಕಪ್?" "ಹೂಂ" ಅಂದಳು. ಕೆಳಗೆ ನನ್ನ ಬೆರಳು ಹಿಡಿದು ಮಡಚಿದಳು.

ಅರ್ಧ.

ಮಾಣಿ ನಿಂತೇ ಇದ್ದ. "ಏನ್ ತರ್ಲಿರಿ ಕಾಕಾ?" ಅಂದ. "ಅರ್ಧಾ ಚಾ ತಾ" ಎನ್ನುವ ಬದಲು ನಾನೂ ಅವನಿಗೆ ಬೆರಳು ಮಡಚಿ ತೋರಿಸಿದೆ. ಬೆರಳು ಮಡಚುವುದನ್ನು ನಾನು ಮನೆಯಲ್ಲಿ ಯಾರಿಗೂ ಕಲಿಸಿದವನಲ್ಲ. ಹೆಂಗಸರಿಗೆ ಆ ವಿದ್ಯೆ ಹೇಳುವ ಪದ್ಧತಿಯೇ ಇರಲಿಲ್ಲ.

ಆ ವಾರವೆಲ್ಲ ಪರೀಕ್ಷೆ ಮಾಡಿದೆ. ದನ ಕೊಳ್ಳುವವನು ಒಂದೇ ಸಲ ಹಲ್ಲು ನೋಡಿ ನಂಬುವುದಿಲ್ಲ. ಬೀದರಿನ ಇಡ್ಲಿ ಹೋಟೆಲಿನಲ್ಲಿ, ಮನೆಯ ಊಟದ ಮಣೆಯಲ್ಲಿ, ಕಾರಿನಲ್ಲಿ, ಎಲ್ಲ ಕಡೆ ಶಲ್ಯ ಹಾಸಿ ಕೇಳಿದೆ. ಎಷ್ಟು ರೊಟ್ಟಿ? ಮೊಮ್ಮಕ್ಕಳು ಎಷ್ಟು ಜನ? ನಮ್ಮ ಹಳೆಯ ಮನೆಗೆ ಎಷ್ಟು ಬಾಗಿಲಿದ್ದವು? ಬಾಯಿ ಎಲ್ಲದಕ್ಕೂ ಹೂಂ ಅನ್ನುತ್ತಿತ್ತು, ಬೆರಳು ಒಂದೂ ತಪ್ಪಲಿಲ್ಲ. ಒಮ್ಮೆ ಕೆಟ್ಟ ಪ್ರಶ್ನೆ ಕೇಳಿದೆ, ನಾನು ದಿನಕ್ಕೆ ಎಷ್ಟು ಸಲ ನಿನ್ನ ತಲೆ ತಿನ್ನುತ್ತೇನೆ ಎಂದು. ಹಸ್ತ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು, ಮತ್ತೆ ಹಿಡಿದು, ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಆಕೆಯ ಮುಖದ ಸರಿಯಿದ್ದ ಅರ್ಧ ನಗುತ್ತಿತ್ತು. ನಾನೂ ನಕ್ಕೆ, ನಕ್ಕು ಕಾರು ಬದಿಗೆ ನಿಲ್ಲಿಸಿ ಕಣ್ಣು ಒರೆಸಿಕೊಂಡೆ.

ಡಾಕ್ಟರಿಗೆ ಹೇಳಿದಾಗ ಅವರೂ ಕುರ್ಚಿಯಿಂದ ಮುಂದೆ ಬಾಗಿದರು. ಮಾತಿನ ಜಾಗ ಬೇರೆ, ಸಣ್ಣಂದಿನಿಂದ ಕೈಗೆ ರೂಢಿಯಾದ ಕೆಲಸದ ಜಾಗ ಬೇರೆ ಇರಬಹುದು, ಅದು ಉಳಿದುಕೊಂಡಿರಬಹುದು ಎಂದರು. ಸಣ್ಣಂದಿನಿಂದ ಎಂಬ ಮಾತು ನನ್ನ ತಲೆಯಲ್ಲಿ ಕೂತಿತು. ಯಾವ ಸಣ್ಣಂದಿನಿಂದ? ಯಾರ ಕೈಯಿಂದ?

ಒಂದು ಪ್ರಶ್ನೆ ಮಾತ್ರ ನಾನು ಶಲ್ಯದ ಕೆಳಗೆ ಕೇಳಲಿಲ್ಲ, ಹೈದರಾಬಾದಿಗೆ ಹೋಗುತ್ತೀಯಾ ಎಂದು. ಬೆಲೆ ಕೇಳಿದ ಮೇಲೆ ಕೇಳಲಿಲ್ಲ ಎನ್ನಲು ಬರುವುದಿಲ್ಲ. ಆ ಉತ್ತರ ಹೊರುವ ಶಕ್ತಿ ನನ್ನಲ್ಲಿ ಬರಲಿ ಎಂದು ದಿನ ತಳ್ಳಿದೆ.

ಅಷ್ಟರಲ್ಲಿ ಮಗಳು ಬಂದಿಳಿದಳು. ಬೆರಳಿನ ಕಥೆಯನ್ನೆಲ್ಲ ಹೇಳಿದೆ. ಅವಳು ಸೊಂಟಕ್ಕೆ ಕೈ ಕೊಟ್ಟು ಕೇಳಿಸಿಕೊಂಡಳು.

"ಅಪ್ಪಾ, ನೀ ದಲ್ಲಾಳಿ. ವಸ್ತ್ರದ ಕೆಳಗ ಅವ್ವ ಏನ್ ಹಿಡದ್ಲು ಅಂಬೋದು ನೀ ಒಬ್ಬನಽ ಹೇಳಬೇಕು. ನಾ ಹ್ಯಾಂಗ ನಂಬಲಿ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಮರುದಿನ ತಾಯಿಯನ್ನು ಎಕಂಬಾದ ತವರಿಗೆ ಕರೆದೊಯ್ದು ತಮ್ಮನನ್ನು ಭೇಟಿ ಮಾಡಿಸಿ, ಅಲ್ಲಿಂದ ಬಂದ ಮೇಲೆ ಹೊರಡುವುದು ಎಂದು ಅವಳೇ ನಿಶ್ಚಯಿಸಿದಳು. ನಾನು ಕಾರು ತೆಗೆದೆ.

ಬೀದರಿನ ಕೆಂಪು ಮಣ್ಣು ಹಿಂದೆ ಬಿದ್ದು, ಮಾಂಜ್ರಾದ ಸೇತುವೆ ಬಂತು. ನದಿಯಲ್ಲಿ ಈ ಸಲ ನೀರು ತುಂಬಿತ್ತು, ದಂಡೆಯ ಕಬ್ಬು ನೀರಿಗೆ ಬಾಗಿತ್ತು. ಅದು ದಾಟಿದರೆ ಎರೆಯ ನೆಲ, ತೊಗರಿ, ಕಡಲೆ. ಸಂತಪುರದಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಿರುವಾಗ ಹಿಂದಿನ ಸೀಟಿನಿಂದ "ಹೂಂ" ಎಂಬ ಸದ್ದು ಬಂತು. ಯಾರೂ ಏನೂ ಕೇಳಿರಲಿಲ್ಲ. ಕಾರು ನಿಧಾನ ಮಾಡಿ ನೋಡಿದರೆ ಕಡಲೆ ಹೊಲದ ಅಂಚಿಗೆ ಚಿಗರಿಯ ಹಿಂಡು. ಮುಂದೆ ಕರಿಯ ಗಂಡು ಚಿಗರಿ, ಕೋಡು ಮೇಲೆತ್ತಿ ನಿಂತಿತ್ತು. ಒಂದು ಕ್ಷಣ ನಮ್ಮನ್ನು ನೋಡಿ, ಇಡೀ ಹಿಂಡು ನೆಲ ಮುಟ್ಟಿದ್ದೇ ಕಾಣದಂತೆ ಹಾರಿಹೋಯಿತು. ಮಗಳು ತಾಯಿಯ ಭುಜ ಹಿಡಿದುಕೊಂಡಿದ್ದಳು. ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟು ಹೊತ್ತು ನಾವು ಮೂವರೂ ಸಮಾನರಾಗಿದ್ದೆವು.

ಎಕಂಬಾದ ಮನೆಯಲ್ಲಿ ಈಗ ಆಕೆಯ ತಮ್ಮ ಇದ್ದಾನೆ. ಕುರಿ ಸಾಕಿದ್ದಾನೆ, ನನ್ನನ್ನು ದಾಜಿ ಎಂದು ಕರೆಯುತ್ತಾನೆ. ಗಡಿಯ ಊರಲ್ಲವೇ, ಭಾವನಿಗೆ ಅಲ್ಲಿ ಮರಾಠಿಯ ಹೆಸರೇ. ಅಕ್ಕನನ್ನು ನೋಡಿ ಅವನು ಮೊದಲು ಮುಖ ತಿರುಗಿಸಿದ, ಆಮೇಲೆ ಹಟ್ಟಿಯಿಂದ ಒಂದು ಮರಿ ತಂದು ಮಡಿಲಿಗೆ ಹಾಕಿದ. ನಾನು ಅದೇ ಹಳೆಯ ಕಟ್ಟೆಯ ಮೇಲೆ ಕೂತು ಬೆರಳಿನ ಕಥೆ ಹೇಳಿದೆ. ಅವನಿಗೆ ಆಶ್ಚರ್ಯವಾಗುತ್ತದೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ ನಗುತ್ತಿದ್ದ.

"ಯಾಕ ನಗ್ತಿ?"

"ದಾಜಿ, ಈಗ ಹೇಳಿದ್ರ ಸಿಟ್ಟಿಗೇಳಂಗಿಲ್ಲಲ್ಲ?"

"ಹೇಳೋ ಮಾರಾಯ."

"ನೀವು ಎತ್ತು ಕೇಳ್ಲಿಕ್ಕಿ ಬಂದಾಗ ಅಪ್ಪ ನೀರ್ ಕುಡೀಲಿಕ್ಕಿ ಒಳಗ ಹೋಗ್ತಿದ್ದಿಲ್ರಿ. ಬಾಗಲ ಹಿಂದ ಅಕ್ಕ ನಿಂತಿದ್ಲು. ನೀವು ಕಟ್ಟಿ ಮ್ಯಾಲಽ ಕುಂತೀರಿ, ಮಾತಾಡಿದ್ರ ಕೇಳಿಸ್ತದ. ಅದಕ್ಕಽ ಅಪ್ಪ ಸೆರಗಿನ ಕೆಳಗ ಆಕಿ ಬೆರಳು ಹಿಡದು ನಿಮ್ಮ ಬೆಲಿ ಹೇಳ್ತಿದ್ದ. ಆಕಿ ತಿರುಗಿ ಹಿಡದು ಹೇಳ್ತಿದ್ಲು, ಇಷ್ಟಕ್ಕ ಬ್ಯಾಡ, ಇನ್ನೂ ಏರ್ಲಿ ಅಂತ. ನಾ ಅಲ್ಲೇ ತೊಟ್ಟಿಲದಾಗಿನ ತಂಗಿಗಿ ತೂಗ್ತಿದ್ದೆ. ನಮ್ಮ ಮನ್ಯಾಗಿನ ದನಾ ಎಲ್ಲಾ ಹಾಂಗಽ ಮಾರಿದ್ದು."

ನಾನು ಕಟ್ಟೆಯ ಕಲ್ಲು ಹಿಡಿದುಕೊಂಡೆ.

"ಕಣ್ಣಿ?" ಅಂದೆ.

"ಕಣ್ಣಿ ಕೊಡಬ್ಯಾಡ ಅಂದಾಕಿನೂ ಆಕಿನಽ. 'ಹಗ್ಗಾ ತರ್ಲಾರ್ದ ಬಂದಾನ, ಕುಣೀಲಿ' ಅಂತ ಆಮ್ಯಾಲ ನಕ್ಕೋತ ಹೇಳಿದ್ಲು. ಲಗ್ನಾದ ಮ್ಯಾಲ ಅಪ್ಪ, ಅಳಿಯ ದಲ್ಲಾಳಿ ಅದಾನ, ಇದು ಯಾರಿಗಿ ಗೊತ್ತಾದ್ರೂ ಅವನ ಧಂದಾ ಹೋಗ್ತದ ಅಂತ ಬಾಯಿ ಕಟ್ಟಿಸಿದ."

ಮಗಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ತಾಯಿಯ ಮುಖ. ತಾಯಿ ಮರಿಯ ಕಿವಿ ಸವರುತ್ತ ಏನೂ ಕೇಳಿಸದವಳ ಹಾಗೆ ಕೂತಿದ್ದಳು.

ಆ ಕಟ್ಟೆಯ ಮೇಲೆ ಕೂತಲ್ಲಿಯೇ ನನ್ನ ಇಡೀ ಸಂಸಾರ ಒಂದು ಸಲ ಮಗ್ಗುಲಾದಂತಾಯಿತು. ಬೀದರಿನಲ್ಲಿ ಮನೆಯ ಜಾಗ ಕೊಳ್ಳುವಾಗ ಮಾರುವವನ ಮಾತಿಗೆ ನಾನು ಒಪ್ಪುವ ಹಂತದಲ್ಲಿದ್ದೆ. ಒಳಗಿನಿಂದ ಆಕೆ, "ಸಾರಿಗಿ ಉಪ್ಪು ನೋಡ್ ಬರ್ರಿ" ಎಂದು ಕರೆದಿದ್ದಳು. ನಾನು ಸಿಡುಕಿ ಒಳಗೆ ಹೋಗಿ ಉಪ್ಪು ನೋಡಿ ಬರುವಷ್ಟರಲ್ಲಿ ಆ ಮನುಷ್ಯ ತಾನಾಗಿಯೇ ಇಳಿದಿದ್ದ. ಮಗನಿಗೆ ಹೆಣ್ಣು ನೋಡುವಾಗ ಮೊದಲ ಮನೆಯಲ್ಲಿ ಚಹಾದ ತಟ್ಟೆ ಆಕೆಯ ಕೈಯಿಂದ ಜಾರಿತ್ತು, ಅಪಶಕುನ ಎಂದು ನಾನೇ ಎದ್ದು ಬಂದಿದ್ದೆ. ಎರಡನೆಯ ಮನೆಯಲ್ಲಿ ಜಾರಲಿಲ್ಲ. ಆ ಎರಡನೆಯ ಮನೆಯ ಹುಡುಗಿಯೇ ಅಡುಗೆಮನೆಗೆ ಹೋಗಿ ಅತ್ತ ನಮ್ಮ ಸೊಸೆ. ಸಾರಿಗೆ ಉಪ್ಪು ಎಂದೂ ತಪ್ಪಿದ್ದಿಲ್ಲ ಎಂಬುದು ನನಗೆ ಈಗ ನೆನಪಾಯಿತು. ಜೀವನವಿಡೀ ನನ್ನದೇ ಜಾಣತನ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬಂದವನು, ಯಾರ ಬೆರಳು ಹಿಡಿದು ನಡೆದಿದ್ದೆ ಎಂದು ನೋಡಿ ದಂಗಾಗಿ ಕೂತೆ. ಆಕಾಶದಷ್ಟು ದೊಡ್ಡದೊಂದು ನನ್ನ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿತ್ತು.

ಸಂಜೆ ಮರಳುವಾಗ ಮೈದುನನೂ ಔರಾದಿನ ತನಕ ಬಂದ. ಅಲ್ಲಿಯ ಹೋಟೆಲಿನ ಚುರಮುರಿ ಸುಸಲಾ, ಮಿರ್ಚಿ ಭಜಿ ಆಕೆಗೆ ಹುಡುಗಿಯಾಗಿದ್ದಾಗಿನಿಂದ ಇಷ್ಟ. ಗೋಡೆಗೆ ಕೂರಿಸಿದೆ, ಶಲ್ಯ ಹಾಸಿದೆ. ಇನ್ನು ತಳ್ಳಲು ದಿನ ಉಳಿದಿರಲಿಲ್ಲ. ಮಗಳ ಬ್ಯಾಗು ಬೀದರಿನಲ್ಲಿ ತುಂಬಿ ನಿಂತಿತ್ತು.

"ಕೇಳ್ತೇನಿ," ಎಂದೆ ಮಗಳಿಗೆ. "ಏನ್ ಬಂದ್ರೂ ಅದಽ."

"ಆರು ತಿಂಗಳು ಅಂತ ಕೇಳು."

ನಾನು ಶಲ್ಯದ ಕೆಳಗೆ ಕೈ ಇಟ್ಟು ಬಾಯಿ ಬಿಟ್ಟು ಹೇಳಿದೆ: "ಮಗಳು ಕರೀಲಕತ್ತಾಳ. ಆರು ತಿಂಗಳು. ಅಲ್ಲಿ ಮಾತು ಕಲಿಸ್ತಾರ. ಹೋಗ್ತಿ?"

"ಹೂಂ."

ಕೆಳಗೆ ಆಕೆಯ ಎಡಗೈ ನನ್ನ ಬೆರಳನ್ನು ಹಿಡಿಯದೆ ದೂರ ತಳ್ಳಿತು. ಆರು ಬೇಡ. ನನ್ನ ಎದೆ ಹಗುರಾಯಿತು. ಆ ಹಗುರವನ್ನು ಮುಖದ ಮೇಲೆ ಬಾರದಂತೆ ತಡೆಯುವುದು ನನ್ನ ಧಂದೆಯ ಮೊದಲ ಪಾಠ. ಹಾಗಾದರೆ ಒಂದು ತಿಂಗಳು ಎಂದು ನಾನೇ ಆಕೆಯ ಒಂದು ಬೆರಳು ಹಿಡಿದೆ. ಅದನ್ನೂ ತಳ್ಳಿದಳು. ಹೋಗುವುದೇ ಬೇಡವೇನೋ ಎಂದು ಇನ್ನೂ ಹಗುರವಾಗುವಷ್ಟರಲ್ಲಿ ಆಕೆ ನನ್ನ ಎರಡು ಬೆರಳು ಸೇರಿಸಿ ಹಿಡಿದಳು. ಬಿಡಲಿಲ್ಲ.

"ಎರಡು ತಿಂಗಳು ಅಂತಾಳ," ಎಂದೆ. ಹೇಳಿ, ಮೇಜಿನ ಮೇಲಿದ್ದ ನೀರು ಎತ್ತಿ ಕುಡಿದೆ. ಮುದುಕನ ನೀರಡಿಕೆ ನನಗೆ ಆಗ ತಿಳಿಯಿತು.

ಮಗಳು ಕಣ್ಣು ಸಣ್ಣ ಮಾಡಿದಳು. "ಆರು ಕೇಳಿದ್ರ ಎರಡಕ್ಕ ಬಂತಾ? ಇದು ನಿನ್ನ ಲೆಕ್ಕ ಇದ್ದಂಗ ಅದ ಅಪ್ಪಾ."

"ನೀನಽ ಕೈ ಇಡವ್ವಾ," ಎಂದ ಮೈದುನ. "ಆಕಿ ಬೆರಳಿಗಿ ಯಾರ ವಕಾಲತ್ತೂ ಬ್ಯಾಡ."

ಮಗಳು ನಾಚುತ್ತ ಶಲ್ಯದ ಕೆಳಗೆ ಕೈ ಇಟ್ಟಳು. ಪಕ್ಕದ ಮೇಜಿನವರು ನಮ್ಮನ್ನೇ ನೋಡುತ್ತಿದ್ದರು. ಮಗಳ ಮುಖ ನಿಧಾನವಾಗಿ ಬದಲಾಯಿತು, ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿದಾಗ ಒಂದೊಂದೇ ವಸ್ತು ಕಾಣುವ ಹಾಗೆ.

"ಎರಡು," ಅಂದಳು. "ಅವ್ವಾ, ನೀನಽ ಹೇಳ್ಲಕತ್ತೀಯಲ್ಲ." ಎಷ್ಟೋ ತಿಂಗಳ ಮೇಲೆ ತಾಯಿ ಅವಳಿಗೆ ಹೇಳಿದ ಮೊದಲ ಮಾತು ಅದು, ಎರಡು.

ವ್ಯಾಪಾರ ಕುದುರಿತು ಎಂದು ನಾನು ಶಲ್ಯ ಸರಿಸಲು ಕೈ ಹಾಕಿದೆ. ಆಕೆ ತಡೆದಳು. ಮಗಳ ಕೈ ಬಿಟ್ಟು ನನ್ನ ಕೈ ಹುಡುಕಾಡಿ, ಬೆರಳುಗಳನ್ನು ದಾಟಿ, ಹಸ್ತವನ್ನು ದಾಟಿ, ಮಣಿಕಟ್ಟು ಹಿಡಿದಳು. ಸರಿಯಿದ್ದ ಆ ಒಂದೇ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಈಗ ಏನಂತಾಳ?" ಮಗಳು ಕೇಳಿದಳು. ಮೈದುನ ಶಲ್ಯದ ಮೇಲಿನ ಉಬ್ಬು ನೋಡಿ, ನನ್ನ ಮುಖ ನೋಡಿ, ತಲೆಯ ಪಟಕಾ ತೆಗೆದು ಮುಖ ಒರೆಸಿಕೊಂಡ.

"ಕಣ್ಣಿ ಸಮೇತ ಅಂತಾಳ," ಎಂದ. "ಎರಡು ತಿಂಗಳು ಬರ್ತಾಳ, ಖರೆ ಹಗ್ಗಾನೂ ಕೂಡ ಬರ್ಬೇಕಂತ. ಆವತ್ತು ಕೊಡ್ಲಿಲ್ಲಲ್ಲ ದಾಜಿ, ಇವತ್ತು ಕೊಟ್ಟಾಳ ತಗೋರಿ."

ಮಗಳು ನನ್ನನ್ನೂ ತಾಯಿಯನ್ನೂ ನೋಡಿ ಕೇಳಿದಳು: "ಅವ್ವಾ, ಅಪ್ಪಗೂ ಕರ್ಕೊಂಡ್ ಹೋಗೋದಾ?"

"ಹೂಂ."

ಆ ಹೂಂ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ಸಣ್ಣ ಮನೆಯ ಸಂಕೋಚವನ್ನು ಮಗಳೇ ಒಂದು ಮಾತಿಗೆ ಮುಗಿಸಿದಳು: "ಹಾಲ್‌ನಾಗ ಮಲಗು, ಖರೆ ನಮ್ಮ ಅತ್ತಿಗಿ ಬುದ್ಧಿ ಹೇಳ್ಲಿಕ್ಕಿ ಹೋಗಬ್ಯಾಡ." ನಾನು ಹೂಂ ಅಂದೆ. ಜೀವನದಲ್ಲಿ ಮೊದಲ ಸಲ ಎದುರು ಬೆಲೆ ಹೇಳದೆ ಒಪ್ಪಿದೆ.

ಹೆಂಡತಿ ತನ್ನ ಎಡಗೈಯನ್ನು ಎತ್ತಿ, ಎಲ್ಲರ ಎದುರಿಗೆ, ನನ್ನ ಹಸ್ತಕ್ಕೆ ಹೊಡೆದಳು. ಪದ್ಧತಿಯ ಪ್ರಕಾರ ಅಲ್ಲಿಗೆ ಮುಗಿಯಬೇಕು. ಆದರೆ ಆಕೆ ಮತ್ತೆ ಶಲ್ಯದ ಕೆಳಗೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಇದಕ್ಕೆ ಸಂತೆಯಲ್ಲಿ ಏನರ್ಥ ಎಂದು ನನಗೆ ಗೊತ್ತಿಲ್ಲ, ಮೈದುನನಿಗೂ ಗೊತ್ತಿರಲಿಲ್ಲ. ಸುಸಲಾ ಬಂತು, ಬಿಸಿ ಭಜಿ ಬಂತು. ತಿನ್ನಲು ಆಕೆಗೆ ಇರುವುದು ಆ ಒಂದೇ ಕೈ, ನನ್ನ ಬಲಗೈ ಅದರ ಹಿಡಿತದಲ್ಲಿ, ಎಡಗೈ ಶಲ್ಯ ಜಾರದಂತೆ ಒತ್ತಿ ಹಿಡಿಯಲು. ಬಿಡಿಸಿಕೊಳ್ಳಲು ನಾನು ಹೋಗಲಿಲ್ಲ. ಮಗಳು ಕುರ್ಚಿ ಹತ್ತಿರ ಎಳೆದುಕೊಂಡು, ಚಮಚದಲ್ಲಿ ಒಂದು ಸಲ ತಾಯಿಗೆ, ಒಂದು ಸಲ ನನಗೆ ತಿನ್ನಿಸಿದಳು. ಭಜಿಯ ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು. ಒರೆಸಿಕೊಳ್ಳಲು ಇಬ್ಬರಿಗೂ ಕೈ ಇರಲಿಲ್ಲ.